ತಟ್ಟೆ ಕೊಟ್ಟ ಮೇಲೆ ಶುರುವಾಗುವ ಸೇವೆ: ಮನೆಯಿಲ್ಲದವರ ನಡುವೆ ಸಭೆಯೊಂದು ಕೆಲಸ ಮಾಡುವುದು ಹೇಗೆ

ಮಾನ್ವಿ, ಸಿಂಧನೂರು, ದೇವದುರ್ಗ ಕಡೆಯ ಕ್ರೈಸ್ತ ಸಭೆಗಳಿಂದ ನನಗೆ ಆಗಾಗ ಫೋನ್ ಬರುತ್ತದೆ. “ಸಿಸ್ಟರ್, ನಾವೂ ಬಸ್ ನಿಲ್ದಾಣದಲ್ಲಿ ಊಟ ಕೊಡಬೇಕೆಂದಿದ್ದೇವೆ, ಐವತ್ತು ಜನಕ್ಕೆ ಎಷ್ಟು ಅಕ್ಕಿ ಬೇಕು?” ಎಂದು ಕೇಳುತ್ತಾರೆ. ಆರು ಕಿಲೋ ಸೋನಾ ಮಸೂರಿ ಸಾಕು. ಆದರೆ ಅಕ್ಕಿಯ ಲೆಕ್ಕ ಈ ಸೇವೆಯ ಅತ್ಯಂತ ಸುಲಭದ ಭಾಗ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ರಾಯಚೂರಿನ ನಮ್ಮ ಸಭೆಯ ಸ್ತ್ರೀ ಸಂಘದವರು ಮತ್ತು ಯೌವನಸ್ಥರು ಸೇರಿ ಬೀದಿಯಲ್ಲಿ ಮಲಗುವವರ ನಡುವೆ ಮಾಡುವ ಕೆಲಸದ ಜವಾಬ್ದಾರಿ ನನ್ನ ಮೇಲಿದೆ. ಫೋನಿನಲ್ಲಿ ಹೇಳಿ ಮುಗಿಯದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಲ್ಲಿದ್ದವನು ಎಂದು ಅಲ್ಲಿ ಆರು ಮಂದಿ ಇದ್ದಾರೆ. ನಾವು ಮೊದಲನೆಯವನ ಹತ್ತಿರವೇ ನಿಂತುಬಿಡುತ್ತೇವೆ. ಕೊನೆಯ ಇಬ್ಬರ ವಿಷಯದಲ್ಲಿ ಕರ್ತನು ವಾಸಿ ಮಾಡಿದಿರಿ ಎಂದಾಗಲಿ, ಬಿಡಿಸಿದಿರಿ ಎಂದಾಗಲಿ ಹೇಳುವುದಿಲ್ಲ. ನನ್ನನ್ನು ಆರೈಕೆ ಮಾಡಿದಿರಿ, ನನ್ನ ಬಳಿಗೆ ಬಂದಿರಿ ಎಂದಷ್ಟೇ ಹೇಳುತ್ತಾನೆ. ಕೊಡುವುದಕ್ಕಿಂತ ಜೊತೆಗೆ ಹೋಗುವುದನ್ನು ಕಲಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಮೊದಲು ನೋಡಿ, ಬರೆದುಕೊಳ್ಳಿ

ಒಲೆ ಹಚ್ಚುವ ಮುಂಚೆ ಕೆಲವು ವಾರ ಬರಿಗೈಯಲ್ಲಿ ತಿರುಗಾಡಿ. ರಾತ್ರಿ ಹತ್ತರ ನಂತರ ಒಮ್ಮೆ, ಬೆಳಗಿನ ಐದಕ್ಕೆ ಒಮ್ಮೆ ಹೋಗಿ. ರೈಲು ನಿಲ್ದಾಣದ ಮುಂಭಾಗ, ಬಸ್ ನಿಲ್ದಾಣ, ಧಾನ್ಯದ ಮಾರುಕಟ್ಟೆಯಾದ ಗಂಜ್, ಆಸ್ಪತ್ರೆಯ ಗೇಟು, ದರ್ಗಾ ಮತ್ತು ಗುಡಿಗಳ ಎದುರು, ಮುಚ್ಚಿದ ಅಂಗಡಿಗಳ ಕಟ್ಟೆ, ಎಲ್ಲವನ್ನೂ ನೋಡಿ. ಬಯಲಲ್ಲಿ ಮಲಗಿದವರೆಲ್ಲ ಒಂದೇ ಬಗೆಯವರಲ್ಲ.

ಬಟ್ಟೆಯ ಗಂಟು, ಹಿಟ್ಟಿನ ಡಬ್ಬಿ, ಮಕ್ಕಳೊಂದಿಗೆ ಕುಳಿತಿರುವವರು ಬಹುತೇಕ ಗುಳೆ ಹೊರಟವರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ರಾತ್ರಿಯ ಬಸ್ಸು ಕಾಯುತ್ತಿರುತ್ತಾರೆ. ಅವರಿಗೆ ಮನೆಯಿದೆ, ಊರಿದೆ. ತಟ್ಟೆ ಚಾಚಿದರೆ ಅವಮಾನವಾಗುತ್ತದೆ. ಕುಡಿಯುವ ನೀರು ಕೊಡಿ. ಕೆಲಸದ ಸ್ಥಳದಲ್ಲಿ ಕೂಲಿ ತಡೆಹಿಡಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು ಎಂದು ತಿಳಿಸಿ. ಆಸ್ಪತ್ರೆಯ ಹೊರಗೆ ಮಲಗಿದವರು ಲಿಂಗಸುಗೂರು, ಮಸ್ಕಿ ಕಡೆಯಿಂದ ರೋಗಿಯ ಜೊತೆ ಬಂದವರು. ಅವರಿಗೆ ಬೇಕಾದದ್ದು ಬಿಸಿನೀರು, ಮೊಬೈಲ್ ಚಾರ್ಜ್ ಮಾಡುವ ಜಾಗ, ಯಾವ ಕೌಂಟರಿಗೆ ಹೋಗಬೇಕೆಂಬ ತಿಳಿವಳಿಕೆ. ಗಂಜ್‌ನಲ್ಲಿ ಮಲಗುವ ಹಮಾಲರು ದುಡಿಯುತ್ತಾರೆ, ಬಾಡಿಗೆಗೆ ಹಣ ಸಾಲುವುದಿಲ್ಲ. ಮಕ್ಕಳು ಗುಳೆ ಹೋದ ಮೇಲೆ ಊರಲ್ಲಿ ಒಂಟಿಯಾಗಿ ಉಳಿದು, ಕೊನೆಗೆ ನಗರಕ್ಕೆ ಬಂದ ಮುದುಕ ಮುದುಕಿಯರು ಇನ್ನೊಂದು ಗುಂಪು. ಕೊನೆಯದಾಗಿ, ರೈಲಿನಿಂದ ಇಳಿದವರು. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ. ಅಂದಿನಿಂದ ದೇಶದ ಎರಡು ತುದಿಗಳ ಜನ ಇಲ್ಲಿ ಹಾದು ಹೋಗುತ್ತಾರೆ. ದಿಕ್ಕು ತಪ್ಪಿ ಇಳಿದವರು ಮರಾಠಿ, ಹಿಂದಿ, ಬಂಗಾಳಿ, ತಮಿಳು ಮಾತನಾಡುತ್ತಾರೆ. ಕನ್ನಡ, ತೆಲುಗು, ಉರ್ದು ಮೂರೂ ಬಲ್ಲ ನಮ್ಮವರಿಗೂ ಅವರ ಮಾತು ತಿಳಿಯದೆ ಹೋಗುವುದುಂಟು.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ಹೆಸರು, ಮಾತನಾಡುವ ಭಾಷೆ, ಹೇಳಿದ ಊರು, ಮಲಗುವ ಜಾಗ, ಕಾಯಿಲೆ, ಕೈಯಲ್ಲಿರುವ ದಾಖಲೆ, ಇಷ್ಟನ್ನು ಬರೆಯಿರಿ. ಜಾತಿ, ಧರ್ಮ ಕೇಳಬೇಡಿ. ಪರಿಚಯ ಬೆಳೆದ ಮೇಲೆ ಅವರೇ ಹೇಳುತ್ತಾರೆ. ಎದುರಿಗೆ ಕುಳಿತು, ಅವರ ಒಪ್ಪಿಗೆ ಕೇಳಿ ಬರೆಯಬೇಕು. ಮುಂದಿನ ವಾರ “ಅಜ್ಜಿ” ಎನ್ನದೆ ಹೆಸರು ಹಿಡಿದು ಮಾತನಾಡಿಸಿ. ಫೋಟೊ ಬೇಡ. ಊಟ ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡನ್ನೂ ಹಿಡಿದ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದನ್ನು ನಮ್ಮ ಸಭೆಯಲ್ಲಿ ನಿಲ್ಲಿಸಿದ್ದೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕರ್ತನು ಹೇಳಿದ್ದನ್ನು ಮೊಬೈಲಿಗೂ ಅನ್ವಯಿಸಬೇಕು.

ವಾರ ಮತ್ತು ವೇಳೆ

ವಾರಕ್ಕೆ ಒಂದೇ ದಿನವಾದರೂ ಸರಿ, ಅದೇ ದಿನ, ಅದೇ ಗಂಟೆಗೆ, ಅದೇ ಜಾಗಕ್ಕೆ ಹೋಗಿ. ಸಭಾಪಾಲಕರು ಊರಲ್ಲಿಲ್ಲ, ಮಳೆ ಬಂತು, ಮದುವೆ ಇದೆ ಎಂದು ತಪ್ಪಿಸುವುದಾದರೆ ಶುರು ಮಾಡಬೇಡಿ. ಕಾಲಿನ ಹುಣ್ಣನ್ನು ಬಟ್ಟೆಯಲ್ಲಿ ಮುಚ್ಚಿಕೊಂಡಿರುವ ಮನುಷ್ಯ ಅದನ್ನು ಮೊದಲ ವಾರ ತೋರಿಸುವುದಿಲ್ಲ. ನೀವು ಮತ್ತೆ ಬರುವವರೇ ಎಂದು ನೋಡುತ್ತಾನೆ.

ಕ್ರಿಸ್ಮಸ್‌ಗೆ ಕಂಬಳಿ ಹಂಚುವುದರಿಂದ ಆರಂಭಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಸೆಂಬರಿನಲ್ಲಿ ಎಲ್ಲರೂ ಬರುತ್ತಾರೆ. ರಾಯಚೂರಿನಲ್ಲಿ ಬೀದಿಯವರನ್ನು ಕೊಲ್ಲುವುದು ಮೇ ತಿಂಗಳು. ಬಿಸಿಲು 42 ಡಿಗ್ರಿ ದಾಟಿದಾಗ ಡಾಂಬರು ಅಂಗಾಲನ್ನು ಸುಡುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅದರ ಅರಿವೂ ಆಗುವುದಿಲ್ಲ. ಆ ಹಣದಲ್ಲಿ ಚಪ್ಪಲಿ, ಟವೆಲ್, ನೀರಿನ ಬಾಟಲಿ ಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಹುಡುಗರು ಮಧ್ಯಾಹ್ನವೂ ಒಂದು ಸುತ್ತು ಹೋಗುತ್ತಾರೆ. ಕಾಯಿಸಿ ಆರಿಸಿದ ಅಥವಾ ಶುದ್ಧೀಕರಣ ಘಟಕದ ನೀರನ್ನೇ ಒಯ್ಯುತ್ತೇವೆ. 2022ರಲ್ಲಿ ಈ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನು ನಾವು ಮರೆತಿಲ್ಲ. ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ. ಮೈ ಬೆಂಕಿಯಂತೆ ಸುಡುತ್ತಿದ್ದು ಮಾತು ತಡವರಿಸುತ್ತಿದ್ದರೆ ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಅಡುಗೆ

ನಮ್ಮ ಕಡೆಯ ಸಭೆಗಳಿಗೆ ಸುಗ್ಗಿ ಹಬ್ಬವೇ ಉಗ್ರಾಣ. ಕಾಣಿಕೆಯಾಗಿ ಬಂದ ಭತ್ತ, ಜೋಳ, ತೊಗರಿಯನ್ನೆಲ್ಲ ಹರಾಜಿಗೆ ಹಾಕದೆ ಒಂದು ಪಾಲನ್ನು ಈ ಸೇವೆಗೆ ಎತ್ತಿಡಲು ಹಿರಿಯರ ಕಮಿಟಿಯಲ್ಲಿ ತೀರ್ಮಾನ ಮಾಡಿಸಿ, ಮಿನಿಟ್ಸ್‌ನಲ್ಲಿ ಬರೆಸಿ. ವರ್ಷದ ಅಕ್ಕಿಯ ಚಿಂತೆ ಅಲ್ಲಿಗೆ ಬಹುಪಾಲು ತೀರುತ್ತದೆ.

ಹಲ್ಲಿಲ್ಲದವರೇ ಹೆಚ್ಚಾಗಿರುವಾಗ ಕಟಿ ರೊಟ್ಟಿ ಒಯ್ದು ಪ್ರಯೋಜನವಿಲ್ಲ. ಮೆತ್ತನೆಯ ಅನ್ನ, ಬೇಳೆ ಸಾರು, ಒಂದು ಮೊಟ್ಟೆ ಒಳ್ಳೆಯದು. ಬೇಸಿಗೆಯಲ್ಲಿ ಜೋಳದ ನುಚ್ಚು, ಮಜ್ಜಿಗೆ. ಖಾರ ಕಡಿಮೆ ಇರಲಿ, ಖಾಲಿ ಹೊಟ್ಟೆಗೆ ನಮ್ಮ ಮೆಣಸಿನಕಾಯಿ ಉರಿಯುತ್ತದೆ. ಇಲ್ಲಿಯ ಸೆಕೆಗೆ ಬೇಯಿಸಿದ ಅನ್ನ ಬೇಗ ಹಳಸುವುದರಿಂದ ಒಲೆಯಿಂದ ಇಳಿಸಿದ್ದು ಬಿಸಿಯಾಗಿರುವಾಗಲೇ ತಟ್ಟೆಗೆ ಬೀಳಬೇಕು. ಮದುವೆ ಮಂಟಪದವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಮಧ್ಯಾಹ್ನದ ಪಲಾವ್ ಉಳಿದಿದೆ, ಒಯ್ಯಿರಿ ಎಂದರೆ ಕೈ ಮುಗಿದು ಬೇಡ ಎನ್ನಿ. ನಮ್ಮ ಮನೆಯವರಿಗೆ ಬಡಿಸದ್ದನ್ನು ಬೀದಿಯವರಿಗೆ ಬಡಿಸಬಾರದು. ನಿಯಮಿತವಾಗಿ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿ. 2006ರ ಕಾಯ್ದೆ ಲಾಭವಿಲ್ಲದ ಕೆಲಸಕ್ಕೂ ಅನ್ವಯಿಸುತ್ತದೆ.

ಊರಿನಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ. ಅದು ತೆರೆದಿರುವ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ನಾವೂ ಅನ್ನ ಹಂಚುವುದರಲ್ಲಿ ಅರ್ಥವಿಲ್ಲ. ಅದು ಮುಚ್ಚಿರುವ ವೇಳೆಯನ್ನು, ಅಲ್ಲಿಗೆ ನಡೆದು ಹೋಗಲಾರದವರನ್ನು ನೋಡಿಕೊಳ್ಳಿ. ಕುಡಿದು ಬಂದವನಿಗೂ ಊಟ ಕೊಡಿ. ಅವನಿಗೆ ಬುದ್ಧಿ ಹೇಳುವ ವೇಳೆ ಅದಲ್ಲ. ದಿನವೂ ಕುಡಿಯುವವನು ನಿಮ್ಮ ಮಾತಿಗೆ ಕಟ್ಟುಬಿದ್ದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ಬಿಡುವ ಮನಸ್ಸಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಾರ್ಥನೆಯ ವಿಷಯ

ಊಟಕ್ಕೆ ಮುಂಚೆ ಪ್ರಸಂಗ ಬೇಡ, ಕರಪತ್ರ ಬೇಡ, ಹಾಡಿಸುವುದು ಬೇಡ. ಸಾಲಿನಲ್ಲಿ ದರ್ಗಾದಿಂದ ಬಂದವರಿರುತ್ತಾರೆ, ಮಂತ್ರಾಲಯಕ್ಕೆ ಹೊರಟವರಿರುತ್ತಾರೆ, ಕೊರಳಲ್ಲಿ ಮುತ್ತು ಕಟ್ಟಿಸಿಕೊಂಡು ಎಲ್ಲಮ್ಮನ ಹೆಸರಿನಲ್ಲಿ ಬದುಕು ಸವೆಸಿದ ಹಿರಿಯ ಹೆಣ್ಣುಮಕ್ಕಳಿರುತ್ತಾರೆ. ಹಸಿದವನು ಏನು ಹೇಳು ಎಂದರೂ ಹೇಳುತ್ತಾನೆ. ಅನ್ನದ ಆಸೆಗೆ ಹೇಳಿಸಿದ ಆಮೆನ್ ಕರ್ತನಿಗೆ ಬೇಡ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆಯ ನಂತರ ಕೆಲವು ಸಭೆಗಳು ಭಯದಿಂದ ಸೇವೆಯನ್ನೇ ನಿಲ್ಲಿಸಿದವು. ಭಯಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಆ ಕಾಯ್ದೆ ಬಾರದೆ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದೆ. ಯಾರಾದರೂ ತಾವಾಗಿ “ನನ್ನ ಮಗನಿಗಾಗಿ ಪ್ರಾರ್ಥಿಸಿ” ಎಂದರೆ ಪಕ್ಕದಲ್ಲಿ ಕುಳಿತು, ಮೆಲುದನಿಯಲ್ಲಿ, ಅವರ ಮಗನ ಹೆಸರು ಹೇಳಿ ಪ್ರಾರ್ಥಿಸಿ. ನಿಮ್ಮನ್ನು ಯಾರು ಕಳುಹಿಸಿದ್ದಾರೆ ಎಂದು ಕೇಳಿದರೆ ಮುಚ್ಚಿಡಬೇಡಿ.

ದಾಖಲೆ ಮಾಡಿಸುವುದು

ಸೇವೆಯ ತಿರುಳು ಇಲ್ಲಿದೆ, ಬೇಸರವೂ ಇಲ್ಲೇ ಹೆಚ್ಚು. ವಾರದ ದಿನಗಳಲ್ಲಿ ಬಿಡುವಿರುವ ನಿವೃತ್ತ ಶಿಕ್ಷಕರು, ಗುಮಾಸ್ತರು ನಿಮ್ಮ ಸಭೆಯಲ್ಲಿದ್ದರೆ ಅಡುಗೆಗೆ ಹಾಕದೆ ಈ ಕೆಲಸಕ್ಕೆ ಹಾಕಿ.

ಆಧಾರ್‌ನಿಂದ ಶುರು ಮಾಡಿ. ಹೊಸದಾಗಿ ನೋಂದಾಯಿಸುವ ಮೊದಲು ಹಳೆಯದು ಇದೆಯೇ ಎಂದು ಆಧಾರ್ ಕೇಂದ್ರದಲ್ಲಿ ಬೆರಳಚ್ಚಿನಿಂದ ಹುಡುಕಿಸಿ. ಬಹಳ ಮಂದಿಗೆ ಇರುತ್ತದೆ, ಕಾರ್ಡು ಮಾತ್ರ ಕಳೆದಿರುತ್ತದೆ. ಕಲ್ಲು ಹೊತ್ತು, ಭತ್ತ ನೆಟ್ಟು ಬೆರಳಿನ ಗೆರೆ ಸವೆದವರಿಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಿಸಿ ಎಂದು ನೀವೇ ಕೇಳಬೇಕು. ವಿಳಾಸವೇ ಇಲ್ಲದವರಿಗೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮೇಲ್ವಿಚಾರಕರು ಅಥವಾ ಗೆಜೆಟೆಡ್ ಅಧಿಕಾರಿ ನಿಗದಿತ ನಮೂನೆಯಲ್ಲಿ ಪ್ರಮಾಣ ಪತ್ರ ಕೊಡಬಹುದು. ಆ ನಮೂನೆಯನ್ನು ಮುದ್ರಿಸಿಕೊಂಡೇ ಕಚೇರಿಗೆ ಹೋಗಿ.

ಆಧಾರ್ ಕೈಗೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ ಜನಧನ್ ಖಾತೆ, ಆಮೇಲೆ ಪಡಿತರ ಚೀಟಿ, ನಂತರ ಪಿಂಚಣಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ವಿಧವೆಯರಿಗೆ, ಅಂಗವಿಕಲರಿಗೆ, ಮಾಜಿ ದೇವದಾಸಿಯರಿಗೆ ಬೇರೆ ಬೇರೆ ಮಾಸಾಶನಗಳಿವೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ ಸ್ವೀಕೃತಿ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದಿಲ್ಲದೆ ಎರಡನೆಯ ಸಲ ಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕೆಲವೊಮ್ಮೆ ಅವರ ಹಳೆಯ ಊರಿಗೇ ಹೋಗಿ ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣುವುದು ಹತ್ತಿರದ ದಾರಿ. ಒಬ್ಬ ಅಜ್ಜಿಯ ಜೊತೆ ಹೀಗೆ ಹೋದಾಗ ಊರಿನವರು ಅವರನ್ನು ಗುರುತು ಹಿಡಿದು, ಪಡಿತರ ಪಟ್ಟಿಯಲ್ಲಿ ಹೆಸರು ಇನ್ನೂ ಇರುವುದನ್ನು ತೋರಿಸಿದರು. ಆಧಾರ್ ಇದ್ದ ಮೇಲೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಉಚಿತ. 2023ರ ಜೂನ್‌ನಿಂದ ಇದು ನಮ್ಮ ಸೇವೆಗೆ ಆದ ದೊಡ್ಡ ಉಪಕಾರ.

ಅವರ ಪಾಸ್‌ಬುಕ್, ಎಟಿಎಂ ಕಾರ್ಡ್, ಆಧಾರ್ ಮೂಲ ಪ್ರತಿ ಯಾವುದನ್ನೂ ಸಭೆಯವರು ಇಟ್ಟುಕೊಳ್ಳಬಾರದು, ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೊರಳಿಗೆ ಅಥವಾ ಸೊಂಟಕ್ಕೆ ಕಟ್ಟಿಕೊಳ್ಳುವಂತೆ ಹೊಲಿದು ಕೊಡಿ. ನಮ್ಮ ಸ್ತ್ರೀ ಸಂಘದವರು ಇಂಥ ಚೀಲಗಳನ್ನು ಹಳೆಯ ಸೀರೆಯಿಂದ ಹೊಲಿಯುತ್ತಾರೆ. ಜೆರಾಕ್ಸ್ ಪ್ರತಿ ನಿಮ್ಮಲ್ಲಿರಲಿ.

ರಾತ್ರಿ ಆಶ್ರಯದ ಬಗ್ಗೆ ಪಾಲಿಕೆಯನ್ನು ಕೇಳಲು ಸಂಕೋಚ ಬೇಡ. ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯ ಪ್ರಕಾರವೇ ರಾಯಚೂರು ನಗರದ ಜನಸಂಖ್ಯೆ 2.3 ಲಕ್ಷ ದಾಟಿತ್ತು. ಭಿಕ್ಷಾಟನೆ ನಿಷೇಧ ಕಾಯ್ದೆ 1975ರಿಂದ ಇದೆ, ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಉಪಕರವನ್ನು ಅದಕ್ಕಾಗಿಯೇ ವಸೂಲು ಮಾಡುತ್ತಾರೆ. ನಿಮಗೆ ಪರಿಚಯದವರು ಒಂದು ರಾತ್ರಿ ತಮ್ಮ ಜಾಗದಲ್ಲಿ ಕಾಣದಿದ್ದರೆ ಆಸ್ಪತ್ರೆಯ ಜೊತೆಗೆ, ಆ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರದಲ್ಲೂ ವಿಚಾರಿಸಿ.

ಆಸ್ಪತ್ರೆ ಮತ್ತು ಮನೋರೋಗ

ಜೊತೆಗೆ ಯಾರೂ ಇಲ್ಲದ ರೋಗಿ ಯಾವ ಆಸ್ಪತ್ರೆಯಲ್ಲಾದರೂ ಹಿಂದೆ ಉಳಿಯುತ್ತಾನೆ. ಚೀಟಿ ಮಾಡಿಸುವವರಿಲ್ಲ, ರಕ್ತದ ಮಾದರಿ ಒಯ್ಯುವವರಿಲ್ಲ, ಶೌಚಕ್ಕೆ ಎಬ್ಬಿಸುವವರಿಲ್ಲ. ವಾರ್ಡಿನ ಒಳಗಿಂದ ಇದನ್ನು ವರ್ಷಗಟ್ಟಲೆ ನೋಡಿದ್ದೇನೆ, ಸಿಬ್ಬಂದಿಯ ಕೈಯೂ ಸಾಲುವುದಿಲ್ಲ. ಆದ್ದರಿಂದ ಇಬ್ಬಿಬ್ಬರಂತೆ ಪಾಳಿ ಹಾಕಿಕೊಂಡು ಹಾಸಿಗೆಯ ಪಕ್ಕ ಇರಿ. ಸಹಿ ಕೇಳಿದಾಗ “ಸಂಬಂಧಿ” ಎಂದು ಬರೆಯದೆ “ಕರೆತಂದವರು” ಎಂದು ಬರೆಯಿರಿ. ಹೊಡೆತ, ಅಪಘಾತ, ಸುಟ್ಟ ಗಾಯವಿದ್ದರೆ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಅಂದರೆ ಎಂಎಲ್‌ಸಿ ಆಗಲೇಬೇಕು, ಅದನ್ನು ತಪ್ಪಿಸಲು ನೋಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಔಷಧಿ ಉಚಿತ, ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಬ್ಯಾಂಕ್ ಖಾತೆ ಮಾಡಿಸಿದ್ದು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ತನ್ನಷ್ಟಕ್ಕೆ ಮಾತನಾಡುತ್ತಾ, ಕೊಳೆ ಬಟ್ಟೆಯಲ್ಲಿ ಅಲೆಯುವವರನ್ನು ಹಿಡಿದು ಬಲವಂತವಾಗಿ ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಅದನ್ನು ವಿಡಿಯೊ ಮಾಡುವುದು ಈಗ ಹೆಚ್ಚಾಗಿದೆ. ದಯವಿಟ್ಟು ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೆಯ ಕಲಮಿನ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸ್ ಠಾಣೆಯ ಕರ್ತವ್ಯ. 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಠಾಣೆಗೆ ಲಿಖಿತವಾಗಿ ಕೊಡಿ, ಕಲಮಿನ ಸಂಖ್ಯೆ ಬರೆಯಿರಿ, ಜೊತೆಗೆ ಹೋಗಿ. ಹೇಗೆ ಮುಂದುವರಿಯಬೇಕೆಂದು ತಿಳಿಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ನಮ್ಮ ಸಭೆಗಳವರಿಗೆ ಒಂದು ಮಾತು. ಇಂಥವರನ್ನು ದುರಾತ್ಮ ಹಿಡಿದವರು ಎಂದು ಕೂಗಿ ಪ್ರಾರ್ಥಿಸಿ, ಗುಣವಾಯಿತು ಎಂದು ಮಾತ್ರೆ ಬಿಡಿಸಿದ ಉದಾಹರಣೆಗಳನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ಪ್ರಾರ್ಥಿಸಿ, ಮಾತ್ರೆಯನ್ನೂ ನುಂಗಿಸಿ.

ಔಷಧಿ ಹಿಡಿದ ಕೆಲವು ವಾರಗಳಲ್ಲಿ ಮಾತು ತಿಳಿಯಾಗುತ್ತದೆ. ಆಗ ಊರಿನ ಹೆಸರು ಕೇಳಿದರೆ ಹಲವರಿಗೆ ಜ್ಞಾಪಕವಿರುವುದಿಲ್ಲ. ಊರ ಹತ್ತಿರದ ಸಂತೆ ಯಾವ ವಾರ, ಯಾವ ನದಿ, ಯಾವ ದೇವರ ಜಾತ್ರೆ, ಯಾವ ಬೆಳೆ, ಶಾಲೆಯ ಮೇಷ್ಟರ ಹೆಸರೇನು ಎಂದು ಕೇಳಿ. ಆ ಭಾಷೆ ಬಲ್ಲ ರೈಲ್ವೆ ನೌಕರರೊಬ್ಬರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹೊಂದುವ ಸ್ಥಳ ಸಿಕ್ಕಿದ ಮೇಲೆ ಅಲ್ಲಿಯ ಪೊಲೀಸ್ ಠಾಣೆಯ ಮೂಲಕವೇ ಮನೆಯವರನ್ನು ಹುಡುಕಿಸಿ. ಫೋಟೊ ಬಳಸಬಹುದಾದ ಜಾಗ ಇದೊಂದೇ.

ಮಕ್ಕಳು, ಹಣ

ಒಂಟಿ ಮಗು ಕಂಡರೆ ಮನೆಗಾಗಲಿ, ಸಭೆಯ ಹಾಸ್ಟೆಲಿಗಾಗಲಿ ಕರೆದೊಯ್ಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆಣ್ಣುಮಕ್ಕಳೊಂದಿಗೆ ಹೆಣ್ಣುಮಕ್ಕಳೇ ಮಾತನಾಡಲಿ. ದೌರ್ಜನ್ಯದ ಸುಳಿವು ಸಿಕ್ಕರೆ ಮಹಿಳಾ ಸಹಾಯವಾಣಿ 181.

ಹಣಕ್ಕೆ ಪ್ರತ್ಯೇಕ ಖಾತೆ, ಇಬ್ಬರ ಸಹಿ, ತಿಂಗಳಿಗೊಮ್ಮೆ ಆರಾಧನೆಯ ನಂತರ ಲೆಕ್ಕ ಓದುವುದು. ಅಮೆರಿಕದ ಪೌರತ್ವ ಪಡೆದ ಸಂಬಂಧಿಕರು ಪ್ರೀತಿಯಿಂದ ಕಳುಹಿಸುವ ಹಣವೂ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟಬಾರದು.

ಸಾವು

ಬೀದಿಯಲ್ಲಿ ಸೇವೆ ಮಾಡುವವರ ಪಾಲಿಗೆ ಇದು ಬಂದೇ ಬರುತ್ತದೆ. ದೇಹವನ್ನು ಕದಲಿಸದೆ 112ಕ್ಕೆ ಕರೆ ಮಾಡಿ. ಪೊಲೀಸರು ಪಂಚನಾಮೆ ಮಾಡಿ ಅಸಹಜ ಸಾವಿನ ವರದಿ (ಯುಡಿಆರ್) ದಾಖಲಿಸುತ್ತಾರೆ, ದೇಹ ಶವಾಗಾರಕ್ಕೆ ಹೋಗುತ್ತದೆ, ವಾರಸುದಾರರಿಗಾಗಿ ಕಾಯುತ್ತಾರೆ. ನಿಮ್ಮ ನೋಟ್‌ಬುಕ್ಕಿನ ಹೆಸರು, ಊರು, ಭಾಷೆ ಆ ದಿನ ಅತ್ಯಂತ ಬೆಲೆಯುಳ್ಳದ್ದು. ಹೆಸರಿಲ್ಲದೆ “ಅಪರಿಚಿತ ಗಂಡಸು” ಎಂದು ಪ್ರಕಟಣೆ ಹೊರಟರೆ ಯಾರೂ ಬರುವುದಿಲ್ಲ. ಯಾರೂ ಬಾರದಿದ್ದಲ್ಲಿ ಅಂತ್ಯಕ್ರಿಯೆಗೆ ದೇಹವನ್ನು ನಮಗೆ ಒಪ್ಪಿಸಿ ಎಂದು ಠಾಣೆಗೆ ಅರ್ಜಿ ಕೊಡಿ. ಸತ್ತವರ ನಂಬಿಕೆ ತಿಳಿದಿದ್ದರೆ ಅದರಂತೆಯೇ ಆಗಲಿ: ಮುಸ್ಲಿಮರಾದರೆ ಜಮಾತ್‌ನವರಿಗೆ ಹೇಳಿ, ಲಿಂಗಾಯತರಾದರೆ ಅವರ ರುದ್ರಭೂಮಿ. ಬದುಕಿದ್ದಾಗ ನಮ್ಮವರಾಗದವರನ್ನು ಸತ್ತ ಮೇಲೆ ನಮ್ಮ ಸಮಾಧಿ ಸ್ಥಳಕ್ಕೆ ಒಯ್ದು ನಮ್ಮವರನ್ನಾಗಿ ಮಾಡಿಕೊಳ್ಳುವುದು ಸರಿಯಲ್ಲ. ಏನೂ ತಿಳಿಯದಿದ್ದರೆ ಪಾಲಿಕೆಯ ಸ್ಮಶಾನದಲ್ಲಿ ಮಣ್ಣು ಮಾಡಿ. ಸುಟ್ಟುಬಿಟ್ಟರೆ ಮುಂದೆ ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ.

21 ದಿನಗಳೊಳಗೆ ಮರಣ ನೋಂದಣಿ ಆಗಿದೆಯೇ ಎಂದು ವಿಚಾರಿಸಿ, ನೋಂದಣಿ ಸಂಖ್ಯೆ, ಯುಡಿಆರ್ ಸಂಖ್ಯೆ, ಮಣ್ಣು ಮಾಡಿದ ಜಾಗ ಮೂರನ್ನೂ ಅದೇ ನೋಟ್‌ಬುಕ್ಕಿನ ಅವರ ಪುಟದಲ್ಲಿ ಬರೆಯಿರಿ. ಗುಳೆ ಹೋದ ಮಗ ತಿಂಗಳುಗಳ ನಂತರ ಹುಡುಕಿಕೊಂಡು ಬಂದರೆ ಆ ಪುಟವನ್ನೇ ತೋರಿಸಬೇಕಾಗುತ್ತದೆ. ಊರಲ್ಲಿ ಹೆಂಡತಿ ಇದ್ದರೆ ಅವರ ವಿಧವಾ ವೇತನದ ಅರ್ಜಿಗೆ ಬೇಕಾಗುವ ಮೊದಲ ದಾಖಲೆಯೂ ಆ ಮರಣ ಪ್ರಮಾಣ ಪತ್ರವೇ.